ಮಂಚಕ್ಕೆ ಮೂರು ಮಗ್ಗುಲು

ನಾನು ಕಾಲೇಜು ಹಾಸ್ಟೆಲಿನ ಗುಮಾಸ್ತ. ಮಂಚದ ಎತ್ತರ ಬದಲಿಸಿಕೊಡಿ ಎಂದು ವಿದ್ಯಾರ್ಥಿಗಳು ಕೊಡುವ ಅರ್ಜಿಗೆ ಸೀಲು ಒತ್ತುವುದು ನನ್ನ ಘನಕಾರ್ಯ. ಇದಕ್ಕೆ ಎರಡು ಪದವಿ ಬೇಕಾದವು. ಆ ಅರ್ಜಿ ಹಿಡಿದು ಹೋಗಿ ನಿಜವಾಗಿ ಮಂಚ ಎತ್ತುವವನು ಫಿಟ್ಟರಣ್ಣ. ಅವನು ಓದಿದ್ದು ಏಳನೇ ಕ್ಲಾಸು.

ಮಂಚದ ನಾಲ್ಕೂ ಕಂಬಗಳಲ್ಲಿ ಸಾಲಾಗಿ ತೂತುಗಳಿವೆ. ಬೇಕಾದ ತೂತಿಗೆ ಪಿನ್ನು ತೂರಿಸಿ ಮಂಚ ಕೂರಿಸಿದರೆ ಕೆಳಗೆ ಪೆಟ್ಟಿಗೆ ಹಿಡಿಯುತ್ತದೆ. ಇನ್ನೂ ಮೇಲೆ ಹೋದರೆ ಓದುವ ಮೇಜೇ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಅಣ್ಣ ಚಪ್ಪಲಿ ಬಿಟ್ಟು ಮಂಚ ಹತ್ತಿ, ಕಣ್ಣು ಮುಚ್ಚಿ, ಮೂರು ಸಲ ಮಗ್ಗುಲು ಬದಲಿಸುತ್ತಾನೆ. ಹದಿನೆಂಟು ವರ್ಷದಿಂದ ಇದೇ ಪದ್ಧತಿ. ಹುಡುಗರು ಕುಂಭಕರ್ಣ ಅಂತ ಹೆಸರಿಟ್ಟರು; ನಾನೂ ಹಲ್ಲು ಕಿರಿದೆ. ಅವನ ಮನೆಯಲ್ಲಿ ಮಾತ್ರ ಮಂಚವಿಲ್ಲ. ಲೋಕದ ಮಂಚದ ಮೇಲೆಲ್ಲ ಹೊರಳಾಡಿ ಬಂದು ನನ್ನ ಚಾಪೆ ಕಂಡರೆ ಮುಖ ಸಿಂಡರಿಸುತ್ತಾನೆ ಎಂದು ಅವನ ಹೆಂಡತಿ ಗೊಣಗುತ್ತಾಳಂತೆ.

ಈ ವರ್ಷ ಹೊಸ ವಾರ್ಡನ್ ಬಂದರು. ಹೊಟ್ಟೆ ಮುಂದೆ, ವಾರ್ಡನ್ ಹಿಂದೆ. ಒಂದು ಮಧ್ಯಾಹ್ನ ತಪಾಸಣೆಗೆ ಹೊರಟವರಿಗೆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅಣ್ಣ ಸಿಕ್ಕಿಬಿಟ್ಟ. ಡ್ಯೂಟಿಯಲ್ಲಿ ನಿದ್ದೆ, ಅದೂ ವಿದ್ಯಾರ್ಥಿಯ ಹಾಸಿಗೆಯ ಮೇಲೆ! ಮರುದಿನ ಹತ್ತು ಗಂಟೆಯೊಳಗೆ ತಪ್ಪೊಪ್ಪಿಗೆ ಬರೆದುಕೊಡದಿದ್ದರೆ ಕೆಲಸ ಹೋಯಿತು ಎಂದರು. ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದ ನನಗೆ ಸತ್ಯ ಗೊತ್ತಿತ್ತು. "ಹೌದು ಸಾರ್" ಅಂದೆ. ಆ ಎರಡು ಪದಗಳ ಮೇಲೇ ನನ್ನ ಅನ್ನ ನಿಂತಿದೆ.

ತಪ್ಪೊಪ್ಪಿಗೆಯನ್ನೂ ನಾನೇ ಬರೆದುಕೊಟ್ಟೆ. ಅಚಾತುರ್ಯ, ವಿಷಾದ, ಇನ್ನು ಮುಂದೆ ಹೀಗಾಗದು—ಕೈ ಚೆನ್ನಾಗಿಯೇ ಓಡಿತು. ಅಣ್ಣ ಬೆರಳಿಟ್ಟು ಓದಿ, ಹಾಳೆಯನ್ನು ಹಿಂದಕ್ಕೆ ತಳ್ಳಿದ.

"ನಿದ್ದೆ ಮಾಡ್ದೆ ಅಂತ ಬರ್ದಿದ್ದೀಯಲ್ಲಪ್ಪ. ಕಣ್ಣು ಮುಚ್ಚೋದು ಕೇಳಿಸ್ಕೊಳ್ಳೋಕೆ. ಪಿನ್ನು ಪೂರ್ತಿ ಕೂತಿಲ್ಲ ಅಂದ್ರೆ ಮಗ್ಗುಲು ತಿರುಗಿದಾಗ ಟಿಕ್ ಅನ್ನುತ್ತೆ. ನಿಂಗೊತ್ತಿಲ್ವಾ?"

"ಗೊತ್ತು. ಸೈನ್ ಹಾಕಿಬಿಡಣ್ಣ, ಕೆಲಸ ಉಳಿಯುತ್ತೆ."

"ಸುಳ್ಳಿಗೆ ಸೀಲು ಒತ್ತೋದು ನಿನ್ನ ಕೆಲಸ. ನಂದಲ್ಲ."

ಮರುದಿನ ಹತ್ತಕ್ಕೆ ಸರಿಯಾಗಿ ಅಣ್ಣ ಬರಿಗೈಯಲ್ಲಿ ವಾರ್ಡನ್ ಮುಂದೆ ನಿಂತ. ಬೆಳಿಗ್ಗೆ ಒಂದು ಮಂಚವನ್ನು ಮೇಲಿನ ತೂತಿಗೆ ಏರಿಸಿದ್ದೇನೆ, ಮಲಗಿ ನೋಡಿಲ್ಲ, ಇನ್ನು ನೋಡುವುದೂ ಇಲ್ಲ; ತಾವೇ ಹತ್ತಿ, ಮೂರು ಮಗ್ಗುಲು ತಿರುಗಿ, ಭದ್ರವಾಗಿದೆ ಎಂದು ಬರೆದು ಸಹಿ ಹಾಕಿ ಎಂದ. ವಾರ್ಡನ್ ಹೋಗಿ ಆ ಎತ್ತರ ನೋಡಿದರು. ಆಮೇಲೆ ತಮ್ಮ ಹೊಟ್ಟೆ ನೋಡಿಕೊಂಡರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಅಣ್ಣನ ಕೆಲಸ ಉಳಿಯಿತು. ಆದರೆ ಗ್ರೀಸು ಮೆತ್ತಿದ ಬಟ್ಟೆಯವನು ಮಲಗಕೂಡದು, ಶುಭ್ರವಾದ ಇಸ್ತ್ರಿ ಬಟ್ಟೆ ಹಾಕಿಕೊಂಡು ಬರುವ ಗುಮಾಸ್ತನೇ ಮಲಗಿ ಪರೀಕ್ಷಿಸತಕ್ಕದ್ದು ಎಂದು ಆಜ್ಞೆಯಾಯಿತು.

"ಹೌದು ಸಾರ್" ಅಂದೆ.

ಕುಂಭಕರ್ಣನ ಪಟ್ಟ ಈಗ ನನ್ನದು. ನಿನ್ನೆ ಮಂಚ ಹತ್ತಿ, ಕಣ್ಣು ಮುಚ್ಚಿ, ಮೂರು ಮಗ್ಗುಲೂ ಹೊರಳಿದೆ. ಏನೂ ಕೇಳಿಸಲಿಲ್ಲ. ಸರಿಯಾಗಿದೆ ಅಂದೆ. ಕೆಳಗೆ ನಿಂತಿದ್ದ ಅಣ್ಣ ನನ್ನನ್ನು ಇಳಿಸಿ, ಕಾಲ ಕಡೆಯ ಎಡಗಂಬ ತೋರಿಸಿದ. ಪಿನ್ನು ಅರ್ಧ ಹೊರಗಿತ್ತು. ಸುತ್ತಿಗೆಯಿಂದ ಎರಡೇಟು ಹಾಕಿ ಕೂರಿಸಿದ.

"ಮಲಗೋಕೂ ಬರಲ್ವಲ್ಲ ನಿಂಗೆ. ಹತ್ತು, ಇನ್ನೊಂದ್ಸಲ."