ಎಲೆಅಡಿಕೆ ಹಾಕಿಕೊಂಡು ಕಲಿಸಿದ ಮೇಷ್ಟ್ರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ದುಡಿದು ಹೋದ ವರ್ಷ ನಿವೃತ್ತರಾದ ಶ್ರೀ ಮೂಡಲಗಿರಿಯಪ್ಪನವರು ಎರಡು ವಿದ್ಯೆಗಳಲ್ಲಿ ಹೆಸರಾದವರು. ಒಂದು, ದೊಡ್ಡವರಿಗೆ ಅಕ್ಷರ ಕಲಿಸುವುದು. ಇನ್ನೊಂದು, ಹುಲಿ-ಕುರಿ ಆಟ. ಮೊದಲನೆಯದಕ್ಕಾಗಿ ಅವರಿಗೆ ಶಾಲು, ಹಾರ, ಮಾನಪತ್ರಗಳು ಸಂದಿವೆ. ಎರಡನೆಯದರಲ್ಲಿ ಅವರನ್ನು ಸೋಲಿಸುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಆದರೆ ಆ ಆಟವನ್ನು ಕಲಿಸಲು ಹೋಗಿ ಒಮ್ಮೆ ಮುಗ್ಗರಿಸಿದ್ದರಿಂದಲೇ ಅಕ್ಷರ ಕಲಿಸುವ ವಿದ್ಯೆ ಅವರಿಗೆ ಒಲಿಯಿತೆಂಬುದನ್ನು, ಇಳಿವಯಸ್ಸಿನಲ್ಲಿ ಅವರ ರಾತ್ರಿ ಶಾಲೆಯ ಚಾಪೆಯ ಮೇಲೆ ಕೂತು ಕಲಿತ ನಮ್ಮಂಥವರು ಹೇಳದಿದ್ದರೆ ಇನ್ನಾರು ಹೇಳಿಯಾರು?

ಮಧುಗಿರಿಯ ಬೆಟ್ಟದ ಬುಡದಲ್ಲಿ ಹುಟ್ಟಿದವರು ಅವರು. ಅಲ್ಲಿನ ಹಾಸುಗಲ್ಲುಗಳ ಮೇಲೆ ಯಾರು ಯಾವ ಕಾಲದಲ್ಲಿ ಕೊರೆದರೋ, ಆಟದ ಗೆರೆಗಳು ಇಂದಿಗೂ ಇವೆ. ಮೂರು ಹುಲಿ, ಹದಿನೈದು ಕುರಿ. ಗೆರೆಗಳು ಕೂಡುವ ಮನೆಗಳಲ್ಲಿ ಕಾಯಿ ಇಡಬೇಕು. ಕುರಿಯ ಆಚೆಗಿನ ಮನೆ ಖಾಲಿ ಇದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಕುರಿಗಳೆಲ್ಲ ಸುತ್ತುಗಟ್ಟಿ ಹುಲಿಗಳನ್ನು ಅಲುಗಾಡದಂತೆ ನಿಲ್ಲಿಸಿದರೆ ಹುಲಿ ಕಟ್ಟಿದಂತೆ. ಮೀಸೆ ಮೂಡುವ ಹೊತ್ತಿಗೆ ಮೂಡಲಗಿರಿಯಪ್ಪನವರು ಬೆನ್ನು ತಿರುಗಿಸಿ ಕೂತು, ಬಾಯಿಮಾತಿನಲ್ಲೇ ಕಾಯಿ ನಡೆಸಿ ಹುಲಿ ಕಟ್ಟುತ್ತಿದ್ದರಂತೆ.

ಕೊರಟಗೆರೆಯ ಕಡೆ ಹಲವು ವರ್ಷ ಸೇವೆ ಸಲ್ಲಿಸಿ ಅವರು ಕಳ್ಳಂಬೆಳ್ಳದ ಸೀಮೆಗೆ ಬಂದ ಮರುವರ್ಷವೇ, ಎಪ್ಪತ್ತೆಂಟರ ಕೊನೆಗೆ, ಹೆಂಗಸರ ರಾತ್ರಿ ಶಾಲೆ ಅವರ ಹೆಗಲಿಗೆ ಬಿತ್ತು. ಹಗಲೆಲ್ಲ ಕುರಿಯ ಹಿಂದೆ, ಕಳೆಯ ಹಿಂದೆ ಸವೆದು ಬಂದವರು ಸ್ಲೇಟಿನ ಮೇಲೆ ತೂಕಡಿಸುವುದನ್ನು ಕಂಡು ಅವರೊಂದು ಉಪಾಯ ಹೂಡಿದರು. ನೆಲದ ಮೇಲೆ ಸೀಮೆಸುಣ್ಣದಿಂದ ಆಟದ ಗೆರೆ ಎಳೆದು ಒಂದೊಂದು ಮನೆಗೂ ಒಂದೊಂದು ಅಕ್ಷರ ಬರೆದರು. ಅಕ್ಷರ ಹೇಳಿಯೇ ಕಾಯಿ ಇಡಬೇಕು. ಇಂಥ ಪಾಠ ಎಲ್ಲಿಯೂ ಇರಲಿಲ್ಲ. ನಿದ್ದೆ ಹಾರಿತು.

ಎಡವಟ್ಟಾದದ್ದು ಆಮೇಲೆ. ಹೆಂಗಸರು ಕಾಯಿಗೆ ಕೈ ಹಾಕುವ ಮೊದಲೇ ಮೇಷ್ಟ್ರ ಬಾಯಿಗೆ ಮಾತು ಬರುತ್ತಿತ್ತು. ಅವರ ಕಣ್ಣಿಗೆ ಐದು ನಡೆ ಮುಂದಿನದು ಕಾಣುತ್ತಿದ್ದರೆ, ಎದುರಿಗೆ ಕೂತವರಿಗೆ ಈಗಿನದೇ ಕಾಣುತ್ತಿರಲಿಲ್ಲ. ಗೊಲ್ಲರ ಹಟ್ಟಿಯ ಚಿಕ್ಕಹನುಮಕ್ಕ ಆಡಲು ಕೂತ ದಿನ ಅದು ಹೊರಬಿತ್ತು.

“ಇಲ್ಲೊಂದು ಕುರಿ ಕೊಡಮ್ಮ,” ಎಂದರು ಮೇಷ್ಟ್ರು. “ಹುಲಿ ತಿನ್ನಲಿ. ಆಮೇಲೆ ತಾನಾಗಿ ಮೂಲೆಗೆ ಬೀಳುತ್ತೆ.”

ಚಿಕ್ಕಹನುಮಕ್ಕ ತಲೆಯೆತ್ತಿದಳು. “ಕೊಡಾಕೆ ಇದೇನು ಬಿಟ್ಟಿ ಬಂದ ಕುರಿಯಾ ಮೇಷ್ಟ್ರೇ? ತ್ವಾಳ ಎತ್ಕಂಡೋದ್ರೆ ಅದು ಬ್ಯಾರೆ ಮಾತು. ನಾವೇ ಕೈಯಾರೆ ಹುಲಿ ಬಾಯಿಗೆ ಇಡಾದುಂಟಾ?”

“ಆಟದ ಕುರಿ ಕಣಮ್ಮ ಅದು.”

“ಆಟದ್ದಾದ್ರೂ ಕುರೀನೇ ಅಲ್ವಾ.”

ನಗು ಎದ್ದಿತು. ಮೇಷ್ಟ್ರು ನಗಲಿಲ್ಲ. ಯಾಕೆ ಕೊಡಬೇಕು, ಕೊಟ್ಟರೆ ಯಾವ ದಾರಿ ಮುಚ್ಚುತ್ತದೆ, ಅದಾದ ಮೇಲೆ ಎರಡನೆಯ ಹುಲಿ ಏನು ಮಾಡುತ್ತದೆ ಎಂದು ಬಿಡಿಸಿ ಬಿಡಿಸಿ ಹೇಳಿದರು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಕೊನೆಗೆ ಚಿಕ್ಕಹನುಮಕ್ಕ ಸ್ಲೇಟನ್ನು ಗೂಡಿನಲ್ಲಿಟ್ಟು, “ನಿಮ್ಮಾಟ ನೀವೇ ಆಡ್ಕಳಿ. ನನ್ ತಲೇಗೆ ಇದು ಅತ್ತಾಕಿಲ್ಲ,” ಎಂದು ಎದ್ದು ಹೋದಳು. ಮಾರನೆಯ ದಿನ ಹಟ್ಟಿಯವರು ಒಬ್ಬರೂ ಬರಲಿಲ್ಲ. ಹಟ್ಟಿಯವರನ್ನು ಬಿಟ್ಟರೆ ಶಾಲೆಯಲ್ಲಿ ಉಳಿದದ್ದು ಚಾಪೆ, ಲಾಟೀನು. ತಿಂಗಳೊಳಗೆ ಹೆಂಗಸರು ಮರಳದಿದ್ದರೆ ಶಾಲೆ ಮುಚ್ಚುವುದೆಂದು ಮೇಲಿನವರು ಹೇಳಿಬಿಟ್ಟರು.

ನಮ್ಮಲ್ಲಿ ಕೈ ಪಳಗಿದ ಅಡುಗೆಯವಳನ್ನು “ಉಪ್ಪು ಎಷ್ಟು ಹಾಕಲಿ?” ಎಂದು ಕೇಳಿ ನೋಡಿ. “ಬೇಕಾದಷ್ಟು ಹಾಕು” ಎನ್ನುತ್ತಾಳೆ. ಅದು ಸರಿಯಾದ ಉತ್ತರವೇ. ಆದರೆ ಹೊಸ ಸೊಸೆಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಮೇಷ್ಟ್ರ ಪಾಠವೂ ಆಗ ಹಾಗೆಯೇ ಇತ್ತು.

ಹಟ್ಟಿಯವರನ್ನು ಕೇಳಿಕೊಂಡು ಕರೆತರೋಣವೆಂದು ಅವರು ಒಂದು ಮಧ್ಯಾಹ್ನ ಸೈಕಲ್ ಹತ್ತಿ ಹೋದರು. ಬೇವಿನ ಮರದಡಿ ಚಿಕ್ಕಹನುಮಕ್ಕ ಕೂತಿದ್ದಳು. ಅವಳೆದುರಿಗೆ ಅದೇ ಹಟ್ಟಿಯ ನಾಗಕ್ಕ, ಹಿಂದಿನ ವಾರವಷ್ಟೇ ಆಟ ಕಲಿತು, ಇನ್ನೂ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಗಿದ್ದವಳು. ಮಣ್ಣಿನಲ್ಲಿ ಗೆರೆ, ಹುಣಿಸೆ ಬೀಜದ ಕುರಿ, ಬೆಣಚುಕಲ್ಲಿನ ಹುಲಿ. ಮನೆಗಳಲ್ಲಿ ಸೊಟ್ಟಸೊಟ್ಟಗೆ ಅಕ್ಷರಗಳೂ ಇದ್ದವು.

“ಒಂಟಿ ಕುರಿ ಬುಡಬ್ಯಾಡಕ್ಕ,” ಎನ್ನುತ್ತಿದ್ದಳು ನಾಗಕ್ಕ. “ಅದರ ಬೆನ್ನಿಗೆ ಇನ್ನೊಂದು ನಿಂತಿರ್ಲಿ, ಹುಲಿ ಹಾರಾಕಾಗಲ್ಲ. ನಂಗೂ ಮೊನ್ನೆ ಇದೇ ತಿಳೀದೆ ಕುರಿಯೆಲ್ಲ ಹೋಗ್ಬುಟ್ಟಿದ್ವು.”

“ಮುಂದಕ್ಕೆ?”

“ಮುಂದಕ್ಕೆ ನಂಗೂ ಗೊತ್ತಿಲ್ಲ ಕಣಕ್ಕ. ಸೋತು ನೋಡಾನ ಬಾ.”

“ಇಂಗೇಳಿದ್ರೆ ತಿಳೀತದೆ ಬುಡು. ‘ಮ’ ಮ್ಯಾಲೆ ಇಟ್ಟೆ.”

ಮೇಷ್ಟ್ರು ಮರದ ಹಿಂದೆಯೇ ನಿಂತರು. ಶಾಲೆ ಬಿಟ್ಟವಳ ಬಾಯಲ್ಲಿ ಅಕ್ಷರ ಬಿಟ್ಟುಹೋಗಿರಲಿಲ್ಲ. ಆದರೆ ಅವಳು ಇಟ್ಟ ಜಾಗ ತಪ್ಪಾಗಿತ್ತು. ನಾಗಕ್ಕ ನಡೆಸಿದ ಹುಲಿಯೂ ತಪ್ಪು. ತಡೆಯಲಾರದೆ ಅವರು ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದರು. ನಾಗಕ್ಕ ತಿರುಗಿ ನೋಡಿ, “ಮೇಷ್ಟ್ರೇ, ಎಲಡ್ಕೆ ಹಾಕ್ಕಳಿ,” ಎಂದಳು.

ಉಪಚಾರವೋ, ಬಾಯಿ ಮುಚ್ಚಿಸಿದ್ದೋ! ಮೇಷ್ಟ್ರು ಎರಡೂ ಎಂದು ತಿಳಿದು, ಸಂಚಿ ಬಿಚ್ಚಿ ಬಾಯಿ ತುಂಬ ಹಾಕಿಕೊಂಡು ಕಲ್ಲಿನ ಮೇಲೆ ಕೂತರು. ನಾಗಕ್ಕನಿಗೆ ತಾನು ಬಿದ್ದ ಗುಂಡಿ ಇನ್ನೂ ನೆನಪಿದೆ, ಆದ್ದರಿಂದ ಅದನ್ನು ಬೆರಳಿಟ್ಟು ತೋರಿಸಬಲ್ಲಳು. ಮೇಷ್ಟ್ರು ಬಿದ್ದದ್ದೋ ನಲವತ್ತು ವರ್ಷದ ಹಿಂದೆ, ಗುಂಡಿ ಎಲ್ಲಿತ್ತೆಂಬುದೇ ಮರೆತಿದೆ. ಇದು ಅವರಿಗೆ ಆ ಕಲ್ಲಿನ ಮೇಲೆ ಹೊಳೆಯಿತಂತೆ. ಅಂದು ಅವರು ಕರೆಯಲು ಬಂದ ಮಾತನ್ನೇ ಎತ್ತಲಿಲ್ಲ. ಮರುದಿನವೂ ಹೋದರು, ಅದರ ಮರುದಿನವೂ. ಹೋಗಿ, ಎಲೆಅಡಿಕೆ ಹಾಕಿಕೊಂಡು ಕೂತರು.

ಒಂದು ದಿನ ಚಿಕ್ಕಹನುಮಕ್ಕ ಒಂದು ಕುರಿಯನ್ನು ಹುಲಿಯ ಎದುರಿಗೆ ಒಂಟಿಯಾಗಿ ತಂದಿಟ್ಟಳು. ಹುಲಿ ಹಾರಿ ತಿಂದು ಮೂಲೆಗೆ ಬಿತ್ತು. ಅವಳು ಹಿಂದಿನ ದಾರಿ ಮುಚ್ಚಿದಳು. ಮೇಷ್ಟ್ರು ಬಾಯಲ್ಲಿದ್ದದ್ದನ್ನು ಉಗುಳಿ ಬಂದು, “ಕುರಿ ಕೊಟ್ಟೆಯಲ್ಲಮ್ಮ!” ಎಂದರು.

“ಕೊಟ್ಟಿದ್ದಲ್ಲ ಮೇಷ್ಟ್ರೇ. ಮೇಯಾಕೆ ಬುಟ್ಟಿದ್ದು,” ಎಂದಳು ಚಿಕ್ಕಹನುಮಕ್ಕ. “ಹುಲಿ ಬತ್ತದೆ ಅಂತ ಗೊತ್ತಿದ್ದೇ ಬುಟ್ಟೆ.” ಹುಲಿ ತಿಂದ ಹುಣಿಸೆ ಬೀಜವನ್ನು ಬದಿಗಿಟ್ಟು ಕೇಳಿದಳು: “ನನ್ ಸ್ಲೇಟು ಗೂಡಲ್ಲೇ ಐತಾ?”

ಶಾಲೆ ಉಳಿಯಿತು. ಅಂದಿನಿಂದ ಮೂಡಲಗಿರಿಯಪ್ಪನವರು ಯಾರಿಗೂ ‘ಕುರಿ ಕೊಡು’ ಎನ್ನಲಿಲ್ಲ, ‘ಮೇಯಕ್ಕೆ ಬಿಡು’ ಎಂದರು. ಹೊಸಬರು ಬಂದರೆ ಮೊದಲು ತಾವು ಕಲಿಸದೆ, ಹಿಂದಿನ ತಿಂಗಳು ಕಲಿತವರ ಪಕ್ಕ ಕೂರಿಸುತ್ತಿದ್ದರು. ಒತ್ತಕ್ಷರಕ್ಕೆ ಬಂದಾಗ ತಾವು ಕೈ ಹಿಡಿಯುತ್ತಿದ್ದರು. “ಈ ಮೇಷ್ಟ್ರು ಪಾಠ ಮಾಡೋದಿಲ್ಲ, ಎಲೆ ಮೆಲ್ಲುತ್ತಾ ಕೂರುತ್ತಾರೆ” ಎಂದು ದೂರು ಹೋದದ್ದೂ ಉಂಟು. ಅವರು ಅದಕ್ಕೆ ಉತ್ತರ ಬರೆಯಲಿಲ್ಲ. ಪಾವಗಡಕ್ಕೆ ವರ್ಗವಾದಾಗ ಅಲ್ಲಿನ ಮನೆಮಾತು ತೆಲುಗು ಬಾರದ ಅವರು, ಊರಿನ ವಿದ್ವಾಂಸರನ್ನು ಬಿಟ್ಟು, ತಮ್ಮಂತೆಯೇ ಹೊರಗಿನಿಂದ ಬಂದು ಆ ವರ್ಷವಷ್ಟೇ ತೆಲುಗು ಕಲಿತಿದ್ದ ಅಂಚೆಯವನೊಬ್ಬನನ್ನು ಗುರುವಾಗಿ ಹಿಡಿದರು. ಕಣ್ಣು ಮಂಜಾದ ಮುದುಕಿಯರಿಗಾಗಿ ರಟ್ಟಿನ ಮೇಲೆ ಅಂಗೈಯಗಲದ ಅಕ್ಷರ ಬರೆದುಕೊಟ್ಟರು. ಅವುಗಳಲ್ಲೊಂದು ಈ ಬರಹಗಾರ್ತಿಯ ಮನೆಯ ಗೂಡಿನಲ್ಲಿ ಇನ್ನೂ ಇದೆ. ಆಟದಲ್ಲಿ ಮಾತ್ರ ಅವರು ಯಾರಿಗೂ ದಯೆ ತೋರಿದವರಲ್ಲ. ಅದನ್ನೂ ಹೇಳಿಬಿಡಬೇಕು.

ಹೋದ ವರ್ಷ ಮಧುಗಿರಿಯಲ್ಲಿ ಬೀಳ್ಕೊಡುಗೆ ನಡೆದಾಗ ಮಾನಪತ್ರ ಓದಲು ಎದ್ದವಳು ಚಿಕ್ಕಹನುಮಕ್ಕ. ನೆಟ್ಟಗೆ ಓದುತ್ತ ಬಂದವಳು ‘ನಿಸ್ಪೃಹ’ ಎಂಬ ಪದದ ಮುಂದೆ ನಿಂತುಬಿಟ್ಟಳು. ‘ನಿಸ’ ಎಂದಳು, ಮತ್ತೆ ‘ನಿಸ’ ಎಂದಳು. ಮುಂದಿನ ಸಾಲಿನ ಉಪಾಧ್ಯಾಯರೆಲ್ಲ ಹೇಳಿಕೊಡಲು ಬಾಯಿ ತೆರೆದರು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿದ್ದ ಮೂಡಲಗಿರಿಯಪ್ಪನವರು ಕೈಯೆತ್ತಿ ಅವರನ್ನು ಸುಮ್ಮನಿರಿಸಿ, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಮಡಿಸಿ ಬಾಯಿಗಿಟ್ಟರು. ಇಡೀ ಸಭೆ ಅವರು ಅಗಿಯುವುದನ್ನೇ ನೋಡುತ್ತಿತ್ತು.

“ನಿಸ್ಪೃಹ,” ಎಂದಳು ಚಿಕ್ಕಹನುಮಕ್ಕ. ಮೇಷ್ಟ್ರ ಕಡೆ ಒಮ್ಮೆ ನೋಡಿ ಮುಂದಕ್ಕೆ ಓದಿದಳು.

ಈಗ ಅವರು ಪುರವರದಲ್ಲಿ ಹೊಸದಾಗಿ ಹೆಂಗಸರ ಶಾಲೆಯೊಂದನ್ನು ಸಂಬಳವಿಲ್ಲದೆ ನಡೆಸುತ್ತಿದ್ದಾರೆಂದು ಕೇಳಿದ್ದೇವೆ. ಶ್ರೀಯುತರಿಗೆ ಆಯುಸ್ಸು ಆರೋಗ್ಯಗಳು ತುಂಬಿ ಬರಲಿ, ಹಲ್ಲು ಗಟ್ಟಿಯಾಗಿರಲಿ, ಅವರ ಸಂಚಿ ಎಂದೂ ಬರಿದಾಗದಿರಲಿ.