ದಾನಮ್ಮನ ದೀಕ್ಷೆ, ದಿಲೀಪನ ಮೌನ

ಸೇಡಂ ಕಡೆಯ ದಾನಮ್ಮ ಮದುವೆಯಾಗಿ ಮುಂಬಯಿ ಹತ್ತಿರದ ಉಲ್ಹಾಸನಗರಕ್ಕೆ ಬಂದವಳು. ಗಂಡ ದಿಲೀಪ ಫರ್ನಿಚರ್ ಬಜಾರಿನಲ್ಲಿ ಹಮಾಲರ ಗುಂಪಿಗೆ ಮುಕಾದಮ, ಅಂದರೆ ಮೇಸ್ತ್ರಿ. ಕಪಾಟು, ಸೋಫಾಗಳನ್ನು ಮಹಡಿಗೆ ಏರಿಸುವಾಗ ಅವನ ದನಿ ಬೀದಿಯ ಆ ತುದಿಗೂ ಕೇಳುತ್ತಿತ್ತು. ಮನೆಗೆ ಬಂದರೆ ಮಾತ್ರ ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ.

ಅವರ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ಗುಡಿಯಿರಲಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ ಮಧ್ಯಾಹ್ನ ಅದೇ ಚರ್ಚಿನಲ್ಲಿ ಇವರದು. ದಾನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬೈಬಲ್ ಕಥೆ ಹೇಳುವಳು, ಮಕ್ಕಳು ಹಿಂದಿಯಲ್ಲಿ ಪ್ರಶ್ನೆ ಕೇಳುವರು. ಯಾರಾದರೂ ಆಸ್ಪತ್ರೆ ಸೇರಿದರೆ ಗಂಜಿ ಹಿಡಿದುಕೊಂಡು ಮೊದಲು ಹೋಗುವವಳೂ ಅವಳೇ. ಇದನ್ನೆಲ್ಲ ನೋಡಿದ ಆಗಿನ ಸಭಾಪಾಲಕರು, ಅಂದರೆ ಪಾದ್ರಿಗಳು, "ದಾನಮ್ಮ, ನೀವು ವೇದಶಾಸ್ತ್ರ ಓದಿ ಸಭಾಪಾಲಕಿ ಆಗಬೇಕು" ಎಂದರು. ಅವಳು ನಕ್ಕಳು. ಆದರೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು, ಏಳಲಿಲ್ಲ. ದೇವರ ಕರೆ ಹಾಗೆಯೇ, ಒಮ್ಮೆ ಕೂತರೆ ಬಿಡಾರ ಬೇರೆ ಕಡೆ ಹುಡುಕುವುದಿಲ್ಲ.

ಗಂಡನನ್ನು ಕೇಳಿದಳು. "ನೋಡೂಣು" ಎಂದ ದಿಲೀಪ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಅತ್ತೆ ಚಂದವ್ವ ಮಾತ್ರ ಸುಮ್ಮನಿರಲಿಲ್ಲ. "ಗಂಡ ಮೂಟಿ ಹೊರಬೇಕು, ಹೆಣ್ತಿ ಪುಸ್ತಕ ಹಿಡೀಬೇಕು! ಛಲೋ ಆತು ಸಂಸಾರ!" ಎಂದಳು. ಆದರೂ ಓದಲು ಹೊರಟ ದಿನ ಟ್ರಂಕು ಹೊತ್ತು ಕಲ್ಯಾಣ ಸ್ಟೇಷನ್ನಿಗೆ ಬಂದವನು ದಿಲೀಪನೇ.

ಓದು ಮುಗಿಯಿತು, ಚಂದವ್ವ ತೀರಿಕೊಂಡಳು, ಕಲ್ಯಾಣದ ಸಭೆಯಲ್ಲಿ ಸಹಾಯಕಿಯಾಗಿ ದುಡಿದದ್ದೂ ಆಯಿತು. ೨೦೧೧ರಲ್ಲಿ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ದಾನಮ್ಮನಿಗೆ ದೀಕ್ಷೆ ಕೊಟ್ಟರು. ಕೊನೆಯ ಬೆಂಚಿನಲ್ಲಿ ಕೂತಿದ್ದ ದಿಲೀಪ ಆ ದಿನವೂ ತುಟಿ ಬಿಚ್ಚಲಿಲ್ಲ.

ನೇಮಕ ಬಂದದ್ದು ನವಿ ಮುಂಬಯಿಯ ತುರ್ಭೆಗೆ. ಕಳಿಸಿದಲ್ಲಿಗೆ ಹೋಗುವುದು ಈ ಸೇವೆಯ ಕಟ್ಟಳೆ. ಆದರೆ ಬಜಾರು, ಗುಂಪು, ಮುಕಾದಮಿಕೆ ಬಿಟ್ಟು ಗಂಡಸು ಹೆಂಡತಿಗೆ ಸಭೆ ಕೊಟ್ಟ ಕ್ವಾರ್ಟರ್ಸಿನಲ್ಲಿ ಇರುತ್ತಾನೆಯೇ? ಮನೆಯಳಿಯನನ್ನೇ ಆಡಿಕೊಳ್ಳುವ ಜನ ನಮ್ಮವರು! ಅವನಿಲ್ಲದೆ ಅಲ್ಲಿರುವುದು ತನ್ನಿಂದಾಗದು ಎಂದು ದಾನಮ್ಮನಿಗೆ ಗೊತ್ತಿತ್ತು. ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಟೆಂಪೋಗೆ ಪಾತ್ರೆ ಪಡಗ ಏರಿಸುತ್ತ ಅವನು, "ಸಾಮಾನ ಇಳಿಸಿ ಕೊಡ್ತೀನಿ ನಡಿ" ಎಂದ. ದಾನಮ್ಮ ಟೆಂಪೋ ಹತ್ತಿ ಕೂತಳು. ಇಳಿಸಿ ಕೊಟ್ಟಮೇಲೆ?

ತುರ್ಭೆಯ ಸಭೆಯಲ್ಲಿ ರಾಯಚೂರು, ವಿಜಾಪುರದ ಕೂಲಿಕಾರರೇ ಹೆಚ್ಚು. ಅವರಲ್ಲಿ ಸಭಾಪಾಲಕರೆಂದರೆ ಅಯ್ಯಾವರು, ಅವರ ಹೆಂಡತಿ ಅಮ್ಮಾವರು. ಅಯ್ಯಾವರು ಪ್ರಾರ್ಥನೆ ಮಾಡಬೇಕು, ಅಮ್ಮಾವರು ಬಂದವರಿಗೆ ಚಹಾ ಮಾಡಬೇಕು. ಹೆಣ್ಣು ಸಭಾಪಾಲಕಿಯನ್ನು ಅವರು ಕಂಡದ್ದಿಲ್ಲ. ಬರುವವರು ದಾನಮ್ಮ ಎಂದು ಸುದ್ದಿ ತಲುಪಿದ್ದರೂ, ಅದು ಅಮ್ಮಾವರ ಹೆಸರೆಂದುಕೊಂಡಿದ್ದ ಸಭೆಯ ಹಿರಿಯ ಮಾಪಣ್ಣ.

ಟೆಂಪೋ ನಿಂತದ್ದೇ ತಡ, ಮಾಪಣ್ಣ ಚೆಂಡುಹೂವಿನ ಹಾರವನ್ನು ದಿಲೀಪನ ಕೊರಳಿಗೆ ಹಾಕಿಬಿಟ್ಟ. "ಅಯ್ಯಾವರೆ, ಮನಿ ಒಳಗ ಹೋಗೋ ಮೊದಲ ಪ್ರಾರ್ಥನಾ ಮಾಡ್ರಿ. ಅಮ್ಮಾವರೆ, ಚಾದ ಹಾಲು ಒಳಗ ಇಟ್ಟೀವಿ."

ದಾನಮ್ಮನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ, ಈಗಲೇ ಟೆಂಪೋ ಹತ್ತುತ್ತಾನೆ ಎಂದುಕೊಂಡಳು. ದಿಲೀಪ ಹಾರ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಹಿರ್ಯಾರೆ, ನೀವು ತಪ್ಪ ಮಂದಿಗಿ ಹಾಕೀರಿ" ಎಂದು ಹಾರವನ್ನು ಹೆಂಡತಿಯ ಕೊರಳಿಗೆ ಹಾಕಿದ. "ಅಯ್ಯಾವರು ಈಕಿ. ನಾ ಅಮ್ಮಾವರು! ಎಷ್ಟ ಮಂದಿಗಿ ಚಾ ಇಡ್ಲಿ ಹೇಳ್ರಿ?"

ಹೆಂಗಸರ ಗುಂಪಿನಲ್ಲಿ ಎದ್ದ ನಗು ಮಾಪಣ್ಣನವರೆಗೂ ಬಂತು. ಅವನು ತಲೆಯ ರುಮಾಲು ತೆಗೆದು ದಾನಮ್ಮನ ಮುಂದೆ ಕೈಮುಗಿದ. "ತಪ್ಪಾತ್ರಿ ಅಯ್ಯಾವರೆ. ಪ್ರಾರ್ಥನಾ ನೀವೇ ಮಾಡ್ರಿ."

ದಾನಮ್ಮ ಕಣ್ಣು ಮುಚ್ಚಿದಳು. ವರ್ಷಗಟ್ಟಲೆ ಕಲಿತ ಪ್ರಾರ್ಥನೆಗಳಲ್ಲಿ ಒಂದೂ ನೆನಪಾಗಲಿಲ್ಲ. "ಕರ್ತನೇ, ಸ್ತೋತ್ರ" ಎಂದು ಶುರುಮಾಡಿದಳು. ಬೆನ್ನ ಹಿಂದೆ, ವಾಪಸು ಹೊರಡುವ ಆತುರದಲ್ಲಿದ್ದ ಟೆಂಪೋದವನು ಹಾರ್ನ್ ಒತ್ತಿ, "ದಿಲೀಪ್ ಭಾಯ್, ವಾಪಸ್ ಚಲ್ನಾ ಹೈ ಕ್ಯಾ?" ಎಂದು ಕೂಗಿದ.

ಅಡುಗೆಮನೆಯ ಕಿಟಕಿಯಿಂದ ಉತ್ತರ ಬಂತು. "ತೂ ಜಾ ರೇ. ಮೇರಾ ಘರ್ ಇಧರೀಚ್ ಹೈ."