ಕಹಿ ಹೊಸಿಲು ದಾಟದಂತೆ ಕಾಯುವ ಕಮ್ಸಾನಳ ನಾಲಿಗೆ

ಬೆಳಗಿನ ಜಾವ ಐದೂಕಾಲು. ಕ್ಷಮಾಪಣೆಯ ಪ್ರಾರ್ಥನೆ ಮುಗಿಸಿದ ಗಂಡಸರು ಆಕಳಿಸುತ್ತ ಮನೆಗೆ ಮರಳುತ್ತಿದ್ದಾರೆ. ಟಗರಿನ ಕೊಂಬು ಊದಿದ ಸದ್ದು ಸುಣ್ಣದ ಗೋಡೆಗಳ ನಡುವೆ ದಾರಿ ತಪ್ಪಿ ಇನ್ನೂ ಅಲೆಯುತ್ತಿದೆ. ಅಷ್ಟರಲ್ಲಾಗಲೇ ಕಮ್ಸಾನ ಅಜ್ಜಿ ತಮ್ಮ ಅಂಗಳದಲ್ಲಿ ಕುರಿಚರ್ಮದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ಸೋರೆಕಾಯಿಯ ಬೆಟ್ಟ ಒಟ್ಟಿಕೊಂಡಿದ್ದಾರೆ. ಬೆಟ್ಟ ಎಂದರೆ ಬೆಟ್ಟವೇ. ಅದರ ಹಿಂದೆ ಅಜ್ಜಿ ಕಾಣುವುದಿಲ್ಲ, ಅವರ ಹಸಿರು ತಲೆವಸ್ತ್ರದ ಗಂಟು ಮಾತ್ರ ಕಾಣುತ್ತದೆ. ಅದರ ನೆರಳಲ್ಲಿ ಎರಡು ಒಂಟೆ ಕಾಲು ಚಾಚಿ ಮಲಗಬಹುದು.

ಹೊಸ ವರ್ಷ ನಾಳೆ ಸಂಜೆಗೆ. ಜೆರ್ಬಾ ದ್ವೀಪದ ನಮ್ಮ ಯಹೂದಿ ಕೇರಿಯಲ್ಲಿ ನೂರಾ ಅರವತ್ತಮೂರು ಒಲೆಗಳಿವೆ. ಅಷ್ಟೂ ಮನೆಯ ಹಬ್ಬದ ತಟ್ಟೆಗೆ ಸೋರೆಕಾಯಿ ಹೋಗಬೇಕಾದದ್ದು ಈ ಅಂಗಳದಿಂದಲೇ. ಖರ್ಜೂರ, ದಾಳಿಂಬೆ, ಅಲಸಂದೆ, ಸೊಪ್ಪು, ಕುರಿಯ ತಲೆ ಎಲ್ಲವನ್ನೂ ಯಾರು ಎಲ್ಲಿಂದ ಬೇಕಾದರೂ ತರಲಿ, ಕೇಳುವವರಿಲ್ಲ. ಸೋರೆಕಾಯಿಯ ಮಾತೇ ಬೇರೆ. ಅದು ಕಪಟಿ. ಹೊರಗೆ ನೋಡಿದರೆ ಮದುಮಗಳ ಕೆನ್ನೆ, ಒಳಗೆ ಒಮ್ಮೊಮ್ಮೆ ಅತ್ತೆಯ ಬಾಯಿ.

ಅಜ್ಜಿ ಕೈಬೆರಳಿನಷ್ಟು ಸಣ್ಣ ಚಾಕು ಹಿಡಿದು, ತೊಟ್ಟಿನ ಹತ್ತಿರ ಮೂರು ಮೂಲೆಯ ಒಂದು ಬಿರಡೆ ಕತ್ತರಿಸುತ್ತಾರೆ. ಅದರ ತುದಿಯಿಂದ ಕಾಗದದಷ್ಟು ತೆಳ್ಳನೆಯ ಚೂರು ತೆಗೆದು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಬಾಯಾಡಿಸಿ ಬಲಕ್ಕೆ ಉಗಿಯುತ್ತಾರೆ. ಸಿಹಿಯಾಗಿದ್ದರೆ ಬಿರಡೆಯನ್ನು ವಾಪಸ್ ಕೂರಿಸಿ ಖರ್ಜೂರದ ಮರದ ಮುಳ್ಳೊಂದನ್ನು ಚುಚ್ಚುತ್ತಾರೆ. ಆ ಮುಳ್ಳೇ ಮುದ್ರೆ. ದೊರೆಗಳ ಮೊಹರನ್ನು ನಕಲು ಮಾಡಿದವರಿದ್ದಾರೆ. ಕಮ್ಸಾನಳ ಮುಳ್ಳನ್ನು ನಕಲು ಮಾಡುವ ಧೈರ್ಯ ಆಫ್ರಿಕಾ ಖಂಡದಲ್ಲೇ ಯಾರಿಗೂ ಬಂದಿಲ್ಲ.

ಬಲಕ್ಕೆ ಉಗಿದದ್ದು ವ್ಯರ್ಥವಾಗುವುದಿಲ್ಲ. ಅಲ್ಲಿ ಸುಲ್ತಾನಾ ಕಾದಿರುತ್ತಾಳೆ. ಅವಳು ಅಜ್ಜಿಯ ಮೇಕೆ. ಈ ಮೇಕೆ ತಿನ್ನದ ವಸ್ತುವನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಶಾಲೆಯ ನೋಟೀಸು ತಿಂದಿದ್ದಾಳೆ, ಅರ್ಧ ಪೊರಕೆ ತಿಂದಿದ್ದಾಳೆ, ಹೋದ ವರ್ಷ ನಮ್ಮ ಗುರುಗಳ ಹುಲ್ಲಿನ ಟೋಪಿಯನ್ನು ಅವರ ತಲೆಯ ಮೇಲಿರುವಾಗಲೇ ಅಂಚಿನಿಂದ ಶುರು ಮಾಡಿದ್ದಳು.

ಕಾಯಿ ತಂದುಹಾಕುವವನು ಮಿದೂನ್ ಕಡೆಯ ರೈತ ಬುಬೇಕರ್. ಮೂವತ್ತು ವರ್ಷಗಳಿಂದ ಇದೇ ಅಂಗಳಕ್ಕೆ ಇದೇ ಕತ್ತೆಗಾಡಿ.

"ಅಜ್ಜಿ, ಈ ಸಲದ ಕಾಯಿ ಜೇನು ಕಣಜ್ಜಿ, ಜೇನು!"

"ಹೋದ ವರ್ಷಾನೂ ಜೇನು ಅಂದಿದ್ದೆ. ಏಳು ಕಹಿ ಇತ್ತು. ನಿನ್ನ ಜೇನುಹುಳಕ್ಕೆ ಹೂವು ಸಿಗ್ದೆ ಒಲೆ ಬೂದಿ ಮೇಲೆ ಕೂತಿತ್ತೇನೋ?"

"ಈ ಸಲ ಬಾವಿ ಬದಲಾಯಿಸಿದೀನಿ."

"ಬಾವಿ ಬದಲಾಯಿಸ್ದೆ. ನಾಲಿಗೆ ಹಳೇದೇ ಇಟ್ಕೊಂಡಿದೀಯಲ್ಲ, ಸುಳ್ಳ!"

ಬುಬೇಕರ್ ಹೊಟ್ಟೆ ಹಿಡಿದು ನಗುತ್ತಾನೆ. ಕತ್ತೆಯೂ ನಕ್ಕಿತೆಂದು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ.

ಕಮ್ಸಾನ ಅಜ್ಜಿಗೆ ಈಗ ಎಪ್ಪತ್ತೆರಡು. ಮೂವತ್ತೊಂದಕ್ಕೆ ಗಂಡ ತೀರಿಕೊಂಡ. ಅವನು ಬೆಳ್ಳಿ ಕೆಲಸದವನು, ಎದೆಯಲ್ಲಿ ಹೊಗೆ ತುಂಬಿ ಹೋದ. ಅಂದಿನಿಂದ ಅಜ್ಜಿ ವರ್ಷವಿಡೀ ಕೆಂಪು ಮೆಣಸಿನಕಾಯಿ ಕುಟ್ಟಿ ಹರಿಸ್ಸಾ ಚಟ್ನಿ ಮಾಡಿ ಮಾರುತ್ತಾರೆ. ಹಿತ್ತಾಳೆಯ ಕುಟ್ಟಾಣಿ ಸವೆದು ಸವೆದು ಅರ್ಧಕ್ಕಿಳಿದಿದೆ. ಹಾಗೆ ಕುಟ್ಟುತ್ತಲೇ ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟಿದ್ದಾರೆ. ಅಷ್ಟು ಖಾರ ತಿಂದ ನಾಲಿಗೆಗೆ ಇಷ್ಟು ಸೂಕ್ಷ್ಮ ರುಚಿ ಹೇಗೆ ತಿಳಿಯುತ್ತದೆ ಎಂದರೆ ಅವರ ಉತ್ತರ ಸಿದ್ಧ: "ಚಾಕೂಗೆ ಸಾಣೆಕಲ್ಲು ಹ್ಯಾಗೋ, ನನ್ನ ನಾಲಿಗೇಗೆ ಮೆಣಸಿನಕಾಯಿ ಹಾಗೆ."

ತಮಾಷೆಯೆಂದರೆ ಹೊಸ ವರ್ಷದ ಎರಡು ದಿನ ಇಡೀ ಕೇರಿಯಲ್ಲಿ ಹರಿಸ್ಸಾ ಇಲ್ಲ. ಖಾರವಿಲ್ಲ, ಹುಳಿಯಿಲ್ಲ, ರೊಟ್ಟಿಯನ್ನು ಉಪ್ಪಿನ ಬದಲು ಸಕ್ಕರೆಯಲ್ಲಿ ಅದ್ದುತ್ತೇವೆ. ವರ್ಷದ ಮೊದಲ ತುತ್ತು ಹೇಗೋ ವರ್ಷವೂ ಹಾಗೇ. ಹೀಗಾಗಿ ವರ್ಷವೆಲ್ಲ ನಮ್ಮ ಬಾಯಿ ಉರಿಸುವ ಹೆಂಗಸೇ ಆ ಎರಡು ದಿನ ನಮ್ಮ ಬಾಯಿ ಸಿಹಿ ಮಾಡುವ ಹೊಣೆ ಹೊತ್ತಿದ್ದಾರೆ. ಕೂಲಿ? ಮನೆಗೊಂದು ದಾಳಿಂಬೆ. ಹಬ್ಬದ ಮರುದಿನ ನೂರಾ ಅರವತ್ತಮೂರು ದಾಳಿಂಬೆಯ ನಡುವೆ ಅಜ್ಜಿ ಕೂತಿರುವುದನ್ನು ನೋಡಿದರೆ, ಸೊಲೊಮೋನ್ ರಾಜ ಕೂಡ ಕಿರೀಟ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

ಮನೆಯವರೇ ಒಂದು ಚೂರು ಕತ್ತರಿಸಿ ನೋಡಿಕೊಂಡರಾಗದೇ ಎಂದು ನೀವು ಕೇಳಬಹುದು. ಆಗದು. ಹಬ್ಬದ ಹೊತ್ತಿಗೆ ಕಹಿ ಹೊಸಿಲು ದಾಟಬಾರದು. ಅದು ಹೊರಗೇ ಸಿಕ್ಕಬೇಕು, ಹೊರಗೇ ಉಳಿಯಬೇಕು, ಇನ್ಯಾರದೋ ಬಾಯಲ್ಲಿ. ಅಜ್ಜಿಯ ಅತ್ತೆಯ ಕಾಲದಲ್ಲಿ ಒಮ್ಮೆ ಸಬ್ಬಾನರ ಮನೆಗೆ ಒಂದೇ ಒಂದು ಕಹಿಕಾಯಿ ದಾಟಿಬಿಟ್ಟಿತು. 'ನಮ್ಮ ಮೇಲೆ ಬರೆದ ಕೆಟ್ಟ ತೀರ್ಪು ಹರಿದುಹೋಗಲಿ' ಎಂದು ಸೋರೆಕಾಯಿಯ ಮೇಲೆ ಹೇಳುವ ಪ್ರಾರ್ಥನೆ ಹೇಳಿ ಯಜಮಾನ ಬಾಯಿಗಿಟ್ಟವನು ಮುಖ ಹಿಂಡಿದ. ಆ ವರ್ಷ ಅವರ ಮಗಳ ನಿಶ್ಚಿತಾರ್ಥ ಮುರಿಯಿತು, ತೊಟ್ಟಿ ಬಿರುಕು ಬಿಟ್ಟು ಮಳೆನೀರು ಸೋರಿತು, ಹನ್ನೊಂದು ಜನಕ್ಕೆ ಹಲ್ಲುನೋವು ಬಂತು. ಎಲ್ಲದಕ್ಕೂ ಸೋರೆಕಾಯಿಯೇ ಕಾರಣ. ಅತ್ತೆ ಮತ್ತೆ ಚಾಕು ಮುಟ್ಟಲಿಲ್ಲ. ಚಾಕು ಸೊಸೆಯ ಕೈಗೆ ಬಂತು. ನಲವತ್ತೊಂದು ವರ್ಷದಲ್ಲಿ ಈ ಬಾಗಿಲಿನಿಂದ ಒಂದು ಕಹಿಕಾಯಿಯೂ ಆಚೆ ಹೋಗಿಲ್ಲ.

"ಊರಿನ ಕಹಿ ನನ್ನ ಬಾಯಲ್ಲಿ ಇರ್ಲಿ ಬಿಡಪ್ಪಾ," ಎನ್ನುತ್ತಾರೆ ಅಜ್ಜಿ. "ಮಾತು ಕಹಿ ಆಗ್ದಿದ್ರೆ ಸಾಕು."

ಅದಕ್ಕೆ ಎದುರು ಮನೆಯ ಝೈರಾ ಕಿಟಕಿಯಿಂದಲೇ ಉತ್ತರ ಕೊಡುತ್ತಾರೆ: "ಮಾತೂ ಆಗಿದೆ ಕಣೇ. ನಿಂಗೆ ಕೇಳ್ಸಲ್ಲ ಅಷ್ಟೆ."

ಝೈರಾಗೆ ಅರವತ್ತೊಂಬತ್ತು. ನಲವತ್ತು ವರ್ಷದಿಂದ ಯಾರನ್ನೂ ಹೊಗಳಿಲ್ಲ. ಹೊಗಳಿಕೆಯನ್ನು ಹೀಗೆ ಕೂಡಿಟ್ಟವರು ಈ ದ್ವೀಪದಲ್ಲಿ ಇನ್ನೊಬ್ಬರಿಲ್ಲ. ಬೇಸಿಗೆಯಲ್ಲಿ ಅಜ್ಜಿಗೆ ಹತ್ತು ದಿನ ಜ್ವರ ಬಂದಾಗ ಮೂರು ಹೊತ್ತು ಗಂಜಿ ತಂದುಕೊಟ್ಟವರೂ ಇವರೇ. ಜ್ವರ ಬಿಟ್ಟ ಮೇಲಿನ ಮೊದಲ ಹರಿಸ್ಸಾ ನೆಕ್ಕಿ, "ಇದೇನೇ, ಸಮುದ್ರಾನ ಡಬ್ಬೀಲಿ ತುಂಬಿದೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದವರೂ ಇವರೇ. ಉಳಿದವರು ಅಜ್ಜಿಯ ಮೇಲಿನ ಗೌರವಕ್ಕೆ ಒಂದಕ್ಕೆರಡು ಲೋಟ ನೀರು ಕುಡಿದು ಸುಮ್ಮನಿದ್ದರು. ನಾನೂ ಕುಡಿದೆ. ಎರಡು ಕೊಡ.

ಹತ್ತು ಗಂಟೆಯ ಹೊತ್ತಿಗೆ ಎಂಬತ್ತೆಂಟು ಕಾಯಿಗೆ ಮುಳ್ಳು ಬಿದ್ದಿದೆ, ಹೆಂಗಸರು ಬಂದು ಒಯ್ದೂ ಆಗಿದೆ. ಒಂದೂ ಕಹಿಯಿಲ್ಲ! ಭೂಮಿ ಹುಟ್ಟಿದಾಗಿನಿಂದ ಇಂಥ ಬೆಳೆ ಬಂದಿಲ್ಲವೆಂದು ಪೇಪರಿಗೆ ಬರೆಯಲೆಂದು ಬಂದು ಕೂತ ನಾನು ನನ್ನ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಬುಬೇಕರನ ಎದೆ ಉಬ್ಬಿ ಅಂಗಿಯ ಗುಂಡಿ ಹಾರಿದೆ.

ಎಂಬತ್ತೊಂಬತ್ತನೆಯದು. ಅಜ್ಜಿ ಬಾಯಾಡಿಸಿ ಉಗಿಯುತ್ತಾರೆ, ಮುಳ್ಳು ಚುಚ್ಚುತ್ತಾರೆ. ಬೆಳಿಗ್ಗೆಯಿಂದ ಬುಬೇಕರನ ಗಾಡಿಯ ಹುಲ್ಲಿನಲ್ಲೇ ಮುಳುಗಿದ್ದ ಸುಲ್ತಾನಾ ಈಗಷ್ಟೇ ಬಂದು ಮೂಗು ತಾಗಿಸಿ ತಲೆ ಕೊಡವಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ.

ಟೋಪಿ ತಿಂದ ಮೇಕೆ ಅದು!

ಅಜ್ಜಿ ಚೂರನ್ನು ನೋಡುತ್ತಾರೆ, ಮೇಕೆಯನ್ನು ನೋಡುತ್ತಾರೆ. ಮುಳ್ಳು ಕಿತ್ತು ಇನ್ನೊಂದು ಚೂರು ಕತ್ತರಿಸಿ ಬಾಯಿಗಿಡುತ್ತಾರೆ. ಬಹಳ ಹೊತ್ತು ಅಗಿಯುತ್ತಾರೆ. ಆಮೇಲೆ ನನ್ನ ಕಡೆ ಒಂದು ಚೂರು ಚಾಚುತ್ತಾರೆ. "ತಗೋ. ಏನನ್ಸುತ್ತೆ ಹೇಳು."

ನಾನು ಬಾಯಿಗಿಡುತ್ತೇನೆ. ನನ್ನ ಅಜ್ಜ ಗೋರಿಯಲ್ಲಿ ಮಗ್ಗುಲು ಬದಲಿಸಿದನೆಂದರೆ ಸುಳ್ಳಲ್ಲ, ಅಷ್ಟು ಕಹಿ.

ನನ್ನ ಮುಖ ನೋಡಿದ್ದೇ ಅಜ್ಜಿಗೆ ಉತ್ತರ ಸಿಕ್ಕಿದೆ. "ನಂಗೆ ನೀರು ಅಗಿದಂಗೆ ಆಯ್ತಪ್ಪ," ಎನ್ನುತ್ತಾರೆ ಮೆಲ್ಲಗೆ. "ಜ್ವರ ಬಂದಾಗ್ಲಿಂದ ಹಿಂಗೇ. ಒಂದಿನ ಬರುತ್ತೆ, ಒಂದಿನ ಹೋಗುತ್ತೆ. ಇವತ್ತು ಬೆಳಿಗ್ಗೆ ಬಂದಿದೆ ಅಂದ್ಕೊಂಡೆ. ಬರ್ಲಿ ಅಂತ ಆಸೆ, ಅದಕ್ಕೇ ಬಂತು ಅಂದ್ಕೊಂಡೆ."

ಬುಬೇಕರ್ ತಗ್ಗಿದ ದನಿಯಲ್ಲಿ ಹೇಳುತ್ತಾನೆ: "ಅಜ್ಜಿ, ಇದೊಂದನ್ನ ಆಚೆ ಹಾಕು. ಉಳಿದದ್ದು ಚೆನ್ನಾಗೇ ಇರುತ್ತೆ. ಯಾರಿಗೂ ಹೇಳ್ಬೇಡ."

"ಎಂಬತ್ತೆಂಟು ಮನೆ ಕಣೋ," ಎನ್ನುತ್ತಾರೆ ಅಜ್ಜಿ. "ಎಂಬತ್ತೆಂಟು ವರ್ಷ ಅದು. ಒಂದೊಂದು ಮನೇಗೂ ಒಂದೊಂದು ವರ್ಷ."

ಅವರು ಮೊಣಕಾಲು ಹಿಡಿದು ಏಳುತ್ತಾರೆ. ಒಳಗಿಂದ ಹಿತ್ತಾಳೆಯ ಕುಟ್ಟಾಣಿ ತಂದು, ಬೀದಿ ನಡುವೆ ನಿಂತು ಒನಕೆಯಿಂದ ಬಡಿಯಲು ಶುರುಮಾಡುತ್ತಾರೆ. ಆ ಸದ್ದಿಗೆ ಅತ್ತ ಮಾಲ್ಟಾದಲ್ಲಿ ಮಲಗಿದ್ದವರೂ ಎದ್ದಿರಬೇಕು. ಬಾಗಿಲುಗಳು ತೆರೆದುಕೊಳ್ಳುತ್ತವೆ. ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಾರೆ.

"ಕೇಳ್ರೇ! ನನ್ನ ನಾಲಿಗೆ ಸತ್ತಿದೆ. ಬೆಳಿಗ್ಗೆಯಿಂದ ಕೊಟ್ಟಿದ್ದೆಲ್ಲ ಸುಳ್ಳು ಮುಳ್ಳು. ಕಾಯಿ ವಾಪಸ್ ತನ್ನಿ!"

ಯಾರೂ ಅಲುಗುವುದಿಲ್ಲ. ಬೆಳ್ಳಿ ಅಂಗಡಿಯವನ ಹೆಂಡತಿ ಕಮೂನಾ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಾಳೆ: "ಹೊಸಿಲು ದಾಟಿ ಒಳಗೆ ಬಂದಾಗಿದೆಯಲ್ಲ ಅಜ್ಜಿ! ಈಗ ಕಹಿ ಅಂತ ಗೊತ್ತಾದ್ರೆ ನಮ್ಮ ಗತಿ ಏನು?"

"ಕತ್ತರಿಸಿಲ್ಲ ತಾನೆ? ಕತ್ತರಿಸೋ ತಂಕ ಅದು ಬರೀ ಬಂದುಹೋಗೋ ನೆಂಟ. ಆಚೆ ತಾ."

"ಸರಿ, ತಂದ್ವಿ ಅನ್ನು. ಯಾರು ರುಚಿ ನೋಡ್ತಾರೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಬ್ಬದ ಮುನ್ನಾದಿನ ಊರಿನ ಕಹಿಯನ್ನೆಲ್ಲ ಬಾಯಲ್ಲಿ ಹೊರುವುದಕ್ಕೆ ಯಾರು ಮುಂದೆ ಬರುತ್ತಾರೆ? ಅಜ್ಜಿ ಒನಕೆಯನ್ನು ಕುಟ್ಟಾಣಿಯೊಳಗೆ ಇಳಿಸಿ ತಲೆ ತಗ್ಗಿಸುತ್ತಾರೆ. ನಲವತ್ತೊಂದು ವರ್ಷದಲ್ಲಿ ಅವರು ತಲೆ ತಗ್ಗಿಸಿ ನಿಂತದ್ದನ್ನು ಈ ಬೀದಿ ನೋಡಿದ್ದಿಲ್ಲ.

ಆಗ ಝೈರಾ ತಮ್ಮ ಬಾಗಿಲಿನಿಂದ ಹೊರಬರುತ್ತಾರೆ. ಕೈಯಲ್ಲಿ ಸೌಟು.

"ನಂದು ಆಗ್ಲೇ ಮಡಕೇಲಿ ಬೇಯ್ತಿದೆ. ನಂಗೇನು ಕಾಯೋಕಾಗುತ್ತಾ ನಿಮ್ಮಂಗೆ?" ಎಂದವರೇ ಸೌಟಿನಲ್ಲಿದ್ದ ತುಂಡನ್ನು ಬೀದಿಯಲ್ಲೇ, ಎಲ್ಲರ ಎದುರು ಬಾಯಿಗೆ ಹಾಕಿಕೊಳ್ಳುತ್ತಾರೆ. ಇಡೀ ಕೇರಿ ಉಸಿರು ಬಿಗಿಹಿಡಿದಿದೆ. ಅಷ್ಟು ಉಸಿರು ಒಟ್ಟಿಗೆ ಬಿಟ್ಟಿದ್ದರೆ ಬಂದರಿನ ದೋಣಿಗಳು ಇಟಲಿ ಮುಟ್ಟುತ್ತಿದ್ದವು.

"ಸಿಹಿ," ಎನ್ನುತ್ತಾರೆ ಝೈರಾ. "ಸ್ವಲ್ಪ ಉಪ್ಪು ಕಮ್ಮಿ. ಹಿತ್ತಲಿನ ಹಳೇ ಬಾವಿ ನೀರು ಕುಡಿದ ಕಾಯಿ ಇದು. ಏನೋ ಬುಬೇಕರ್, ಬಾವಿ ಬದಲಾಯಿಸ್ದೆ ಅಂದ್ಯಲ್ಲೋ?"

ಬುಬೇಕರ್ ಕತ್ತೆಯ ಹಿಂದೆ ಅಡಗುತ್ತಾನೆ. ಕಮ್ಸಾನ ಅಜ್ಜಿ ನಿಧಾನವಾಗಿ ತಲೆಯೆತ್ತಿ ಝೈರಾರನ್ನು ನೋಡುತ್ತಾರೆ.

"ನಿಂಗೆ ಇಷ್ಟು ನಾಲಿಗೆ ಇದೆ ಅಂತ ಯಾವತ್ತೂ ಹೇಳ್ಲಿಲ್ವಲ್ಲೇ?"

"ನಲವತ್ತು ವರ್ಷದಿಂದ ಅದನ್ನೇ ತೋರಿಸ್ತಿದೀನಿ. ನೀನು ಬರೀ ಬೈಗುಳ ಅಂದ್ಕೊಂಡೆ. ಸರಿ ಸರಿ, ಜಾಗ ಬಿಡು. ಆ ಕುರಿಚರ್ಮ ಇತ್ಲಾಗ್ ಎಳಿ."

ಹೆಂಗಸರು ಕಾಯಿಗಳನ್ನು ವಾಪಸ್ ಹೊತ್ತು ತರುತ್ತಾರೆ. ಮುಂದಿನ ಆರು ಗಂಟೆ ಇಬ್ಬರೂ ಒಂದೇ ಕುರಿಚರ್ಮದ ಮೇಲೆ ಒತ್ತೊತ್ತಾಗಿ ಕೂತಿದ್ದಾರೆ. ಅಜ್ಜಿ ಕತ್ತರಿಸುತ್ತಾರೆ, ಝೈರಾ ರುಚಿ ನೋಡುತ್ತಾರೆ, ಸುಲ್ತಾನಾ ಮೇಲ್ಮನವಿ ಆಲಿಸುತ್ತಾಳೆ. ಮುಳ್ಳು ಚುಚ್ಚುವುದು ಮಾತ್ರ ಅಜ್ಜಿಯದೇ ಕೈ. ಅದನ್ನು ಝೈರಾ ಕೇಳಲಿಲ್ಲ, ಅಜ್ಜಿ ಕೊಡಲೂ ಇಲ್ಲ.

"ಕಹಿ!"

"ಎಷ್ಟು ಕಹಿ?"

"ನಿನ್ನ ಅತ್ತೆಯಷ್ಟು."

"ಹಾಗಾದ್ರೆ ಸುಡುಗಾಡಿನ ಗೋಡೆ ಆಚೆ ಹಾಕು. ಹತ್ರ ಬೇಡ."

ಒಟ್ಟು ಆರು ಕಹಿಕಾಯಿ. ಅವುಗಳಲ್ಲಿ ನಾಲ್ಕು ಆಗಲೇ ಮುಳ್ಳು ಹೊತ್ತು ಮನೆ ಸೇರಿದ್ದವು. ಒಂದು ಬೇರೆ ಯಾರದೂ ಅಲ್ಲ, ಸಬ್ಬಾನರ ಮನೆಯದು. ಇದನ್ನು ಕೇಳಿದ ಸಬ್ಬಾನರ ಸೊಸೆ ಬೀದಿಯಲ್ಲೇ ಅಜ್ಜಿಯ ಎರಡೂ ಕೈಗೆ ಮುತ್ತಿಡುತ್ತಾಳೆ. ಅವರ ಮನೆಯಲ್ಲಿ ಈ ವರ್ಷ ಇನ್ನೊಂದು ನಿಶ್ಚಿತಾರ್ಥವಿದೆ.

ಮಾರನೇ ದಿನ ಮಧ್ಯಾಹ್ನ ನಾಲ್ಕು. ಹಬ್ಬದ ದೀಪ ಹೊತ್ತುವುದಕ್ಕೆ ಎರಡು ಗಂಟೆ ಬಾಕಿ. ನೂರಾ ಅರವತ್ತಮೂರು ಒಲೆಯಿಂದ ಸೋರೆಕಾಯಿ, ಖರ್ಜೂರ, ಸೇಬಿನಂಥ ಸೀಮೆದಾಳಿಂಬೆ ಬೇಯುವ ವಾಸನೆ ಒಟ್ಟಾಗಿ ಎದ್ದು, ಆಕಾಶದಲ್ಲಿ ಹಾರುವ ರಾಜಹಂಸಗಳೂ ದಾರಿ ಮರೆತು ಸುತ್ತು ಹೊಡೆಯುತ್ತಿವೆ. ಅಜ್ಜಿ ಸ್ನಾನ ಮುಗಿಸಿ, ಬಿಳಿ ತಲೆವಸ್ತ್ರ ಕಟ್ಟಿ, ಹೊಸಿಲ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಆಗಲೇ ದಾಳಿಂಬೆಗಳ ರಾಶಿ. ಅವರು ಅದನ್ನು ಎರಡು ಪಾಲು ಮಾಡುತ್ತಿದ್ದಾರೆ. ಎದುರು ಕಿಟಕಿಯಿಂದ ಝೈರಾ, "ಆ ಸಣ್ಣದೆಲ್ಲ ನನ್ನ ಕಡೆ ತಳ್ಳಬೇಡ್ವೇ, ನೋಡ್ತಿದೀನಿ!" ಎನ್ನುತ್ತಿದ್ದಾರೆ.

ಹೊಸ ವರ್ಷಕ್ಕೆ ಏನು ಬೇಡಿಕೊಳ್ಳುತ್ತೀರಿ ಎಂದು ಕೇಳುತ್ತೇನೆ. ನಾಲಿಗೆ ಮರಳಿ ಬರಲಿ ಎನ್ನುತ್ತಾರೆಂದು ನನ್ನ ನಿರೀಕ್ಷೆ.

"ಬಂದ್ರೆ ಬರ್ಲಿ," ಎನ್ನುತ್ತಾರೆ ಅಜ್ಜಿ, ದೊಡ್ಡ ದಾಳಿಂಬೆಯೊಂದನ್ನು ಝೈರಾರ ಪಾಲಿಗೆ ಸರಿಸುತ್ತ. "ಇವತ್ತು ರಾತ್ರಿ ಜೇನಲ್ಲಿ ಅದ್ದಿದ ಸೇಬು ತಿಂದಾಗ ಒಂಚೂರು ಸಿಹಿ ಅಂದ್ರೆ ಸಾಕು. ಆದ್ರೆ ನೀನು ಪೇಪರಲ್ಲಿ ನಲವತ್ತೊಂದು ವರ್ಷ ಈ ಬಾಗ್ಲಿಂದ ಕಹಿ ಹೋಗಿಲ್ಲ ಅಂತ ಬರೀತೀನಿ ಅಂದಿದ್ಯಲ್ಲ, ಅದನ್ನ ಹೊಡೆದು ಹಾಕು. ಈ ಸಲ ಹೋಗಿತ್ತು. ನಾಲ್ಕು ಹೋಗಿತ್ತು ಅಂತ್ಲೇ ಬರಿ."

ಆಮೇಲೆ ಸೆರಗಿನಿಂದ ಚಾಕು ಒರೆಸಿ, ಉಳಿದ ಮುಳ್ಳುಗಳ ಜೊತೆ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತುತ್ತಾರೆ.

"ನಾನೇ ಬೀದಿಗೆ ಹೋಗಿ ಆ ನಾಲ್ಕನ್ನೂ ವಾಪಸ್ ಕರ್ಕೊಂಡು ಬಂದೆ ಅಂತ್ಲೂ ಬರಿ."